ಮದ್ದು ಹಾಕಿದ ಮರ ಮನೆಗೆ ತರುವ ಮೊದಲು

ಉಡುಪಿ ಹತ್ತಿರದ ಕಟಪಾಡಿಯಿಂದ ಮಟ್ಟುವಿಗೆ ಹೋಗುವ ದಾರಿಯಲ್ಲಿ ನನ್ನ ಮರದ ಕೆಲಸದ ಶೆಡ್ಡು ಇದೆ. ದಾರಂದ, ಕಿಟಕಿ, ಮಂಚ, ಹಂಚಿನ ಮನೆಗೆ ಪಕ್ಕಾಸು, ರೀಪು. ಶೆಡ್ಡಿನ ಹಿಂದೆ ಹತ್ತು ಅಡಿ ಉದ್ದದ ಒಂದು ಸಿಮೆಂಟ್ ತೊಟ್ಟಿ ಇತ್ತು. ಅದರಲ್ಲಿ ಮದ್ದಿನ ಪುಡಿ ಕಲಸಿ, ಮಾವು, ಅಕೇಶಿಯಾ ಹೀಗೆ ಬೇಗ ಹುಳ ಹಿಡಿಯುವ ಮರಗಳನ್ನು ಅದ್ದಿ ತೆಗೆಯುತ್ತಿದ್ದೆ. "ಒರಲೆ ಹತ್ತಿರ ಬರುವುದಿಲ್ಲ, ನನ್ನ ಗ್ಯಾರಂಟಿ" ಅಂತ ಗಿರಾಕಿಗಳಿಗೆ ಹೇಳುವುದು ಬೇರೆ. ಮದ್ದಿನ ಚೀಲದ ಮೇಲೆ ತಲೆಬುರುಡೆಯ ಚಿತ್ರ ಇತ್ತು. ಅದನ್ನು ನೋಡಿ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳುತ್ತಿದ್ದೆ. ಅಷ್ಟೇ.

ಒಂದು ಜೂನ್ ತಿಂಗಳ ಮೊದಲ ವಾರ. ರಾತ್ರಿಯಿಡೀ ಮಳೆ. ತೊಟ್ಟಿಗೆ ಮುಚ್ಚಿದ್ದ ತಗಡು ಗಾಳಿಗೆ ಹಾರಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ತೊಟ್ಟಿ ತುಂಬಿ, ಹಸಿರು ಬಣ್ಣದ ನೀರು ಅಂಗಳದ ಅಂಚಿನಲ್ಲೇ ಹರಿದು ಅಮ್ಮನ ಬಸಳೆ ಚಪ್ಪರದ ಬುಡಕ್ಕೆ ಹೋಗಿತ್ತು. ಅಲ್ಲಿಂದ ತೋಡಿಗೆ. ಚಪ್ಪರಕ್ಕೆ ನಿಲ್ಲಿಸಿದ್ದ ನಾಲ್ಕು ಕಂಬಗಳೂ ಅದೇ ತೊಟ್ಟಿಯಲ್ಲಿ ಅದ್ದಿದವು. ನಮ್ಮ ಹಿರಿಯ ಆಚಾರ್ರು ಕೊಡೆ ಹಿಡಿದುಕೊಂಡು ನಿಂತು ಸುಮ್ಮನೆ ನೋಡಿದರು. ಆಮೇಲೆ ಒಂದೇ ಮಾತು: "ಎಂತ ಮಾರಾಯ, ಒರಲೆ ಸಾಯುವುದಾದರೆ ಎರೆಹುಳ ಬದುಕುತ್ತದಾ?"

ಆ ವರ್ಷ ಬಸಳೆ ತಿನ್ನಲಿಲ್ಲ. ತೊಟ್ಟಿಯನ್ನೂ ಮುಚ್ಚಿದೆ. ಅಲ್ಲಿಂದ ಈಚೆಗೆ ಓದಿ, ಕೇಳಿ, ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸ ಮನೆ ಕಟ್ಟುವವರಿಗೆ, ಹಳೆ ಮನೆ ರಿಪೇರಿ ಮಾಡುವವರಿಗೆ, ಗುಜರಿಯಿಂದ ಕಡಿಮೆ ರೇಟಿಗೆ ಮರ ತರುವವರಿಗೆ ಇದು ಬೇಕಾಗಬಹುದು.

ಮೊದಲು, ಆ ಹಸಿರು ನೀರು ಏನು

ಅದರ ಹೆಸರು ಸಿಸಿಎ. ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಮೂರೂ ಸೇರಿದ ಮದ್ದು. ಆರ್ಸೆನಿಕ್ ಅಂದರೆ ನಮ್ಮ ಹಿರಿಯರು ಪಾಷಾಣ ಅನ್ನುತ್ತಿದ್ದರಲ್ಲ, ಅದೇ. ತಮಾಷೆಯೋ ದುರಾದೃಷ್ಟವೋ, ಇದನ್ನು ಕಂಡುಹಿಡಿದವರು ನಮ್ಮ ದೇಶದವರೇ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ, 1933ರಲ್ಲಿ. ಜಗತ್ತಿನ ಎಷ್ಟೋ ಕರೆಂಟ್ ಕಂಬ, ಬೇಲಿ, ಮರದ ಸೇತುವೆಗಳು ಹಲವು ದಶಕ ನಿಂತದ್ದು ಈ ಮದ್ದಿನಿಂದ. ಮದ್ದು ಕೆಟ್ಟ ಕೆಲಸ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ಅದರ ಕೆಲಸವನ್ನು ಅದು ತುಂಬಾ ಚೆನ್ನಾಗಿ ಮಾಡುತ್ತದೆ. ತಾಮ್ರ ಶಿಲೀಂಧ್ರವನ್ನು ತಡೆಯುತ್ತದೆ, ಆರ್ಸೆನಿಕ್ ಹುಳವನ್ನು ಕೊಲ್ಲುತ್ತದೆ, ಕ್ರೋಮಿಯಂ ಇವೆರಡನ್ನೂ ಮರದ ನಾರಿಗೆ ಅಂಟಿಸಿ ಹಿಡಿಯುತ್ತದೆ.

ಆ ಅಂಟುವ ಕೆಲಸದಲ್ಲೇ ನಾನು ಎಡವಿದ್ದು. ಈ ಮದ್ದನ್ನು ಮುಚ್ಚಿದ ಸಿಲಿಂಡರಿನಲ್ಲಿ ಗಾಳಿ ಎಳೆದು, ಒತ್ತಡ ಹಾಕಿ ಮರದ ಒಳಗೆ ನುಗ್ಗಿಸಬೇಕು. ಆಮೇಲೆ ಮಳೆ ತಾಗದ ಹಾಗೆ ಕೆಲವು ವಾರ ಇಡಬೇಕು. ಆಗ ಮಾತ್ರ ವಿಷಕಾರಿ ರೂಪದ ಕ್ರೋಮಿಯಂ ಕಡಿಮೆ ಅಪಾಯದ ರೂಪಕ್ಕೆ ಬದಲಾಗಿ ಮದ್ದು ಗಟ್ಟಿಯಾಗಿ ಕೂರುತ್ತದೆ. ನಾನು ಮಾಡಿದ್ದೇನು? ಅದ್ದಿದೆ, ತೆಗೆದೆ, ಎರಡು ದಿನ ಒಣಗಿಸಿ ಕೊಟ್ಟೆ. ಮದ್ದು ಮೇಲಿನ ಕೂದಲೆಳೆಯಷ್ಟು ಪದರದಲ್ಲಿ ಮಾತ್ರ. ಮೊದಲ ಮಳೆಗೇ ಅರ್ಧ ತೊಳೆದು ಹೋಗಿರಬೇಕು. ಮರಕ್ಕೂ ಉಪಯೋಗ ಆಗಲಿಲ್ಲ, ಮಣ್ಣಿಗೂ ತಾಪತ್ರಯ.

ಸರಿಯಾಗಿ ಒತ್ತಡ ಹಾಕಿ ಮಾಡಿದ ಮರದಿಂದಲೂ ಸ್ವಲ್ಪ ಸ್ವಲ್ಪವಾಗಿ ಮದ್ದು ಹೊರಗೆ ಬರುತ್ತದೆ. ಹೊಸತರಲ್ಲಿ ಜಾಸ್ತಿ, ಆಮೇಲೆ ನಿಧಾನ. ನೀರು ಹುಳಿಯಾಗಿದ್ದರೆ ಇನ್ನೂ ಜಾಸ್ತಿ. ನಮ್ಮದು ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಊರು, ಮಣ್ಣೂ ಹುಳಿ. ಒಂದೇ ಸಮಾಧಾನ ಅಂದರೆ ನಮ್ಮ ಮುರಕಲ್ಲಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ತುಂಬಾ ಇದೆ. ಅದು ಆರ್ಸೆನಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಕೆಂಪು ಮಣ್ಣಿನಲ್ಲಿ ವಿಷ ದೂರ ಹೋಗದೆ ಕಂಬದ ಬುಡದಲ್ಲೇ, ಒಂದು ಅಡಿಯ ಒಳಗೇ ಜಾಸ್ತಿ ಕೂರುತ್ತದೆ. ಆದರೆ ಮಟ್ಟು, ಪಡುಕೆರೆ ಕಡೆಯ ಹೊಯಿಗೆ (ಮರಳು) ನೆಲ ಹಾಗಲ್ಲ. ಅಲ್ಲಿ ನೀರು ಹೇಗೆ ಇಳಿಯುತ್ತದೋ ಮದ್ದೂ ಹಾಗೆಯೇ ಇಳಿಯುತ್ತದೆ. ಬಾವಿ ಇರುವುದು ಹತ್ತು ಹದಿನೈದು ಅಡಿಗೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಒಂದು ಲೀಟರಿಗೆ 10 ಮೈಕ್ರೊಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಗ್ರಾಮನ್ನು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ಗೊತ್ತಾಗುವುದಿಲ್ಲ.

ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಸಿಸಿಎ ಹಾಕುವುದನ್ನು ನಿಲ್ಲಿಸಿದರು. ಮಕ್ಕಳ ಆಟದ ಉಯ್ಯಾಲೆ, ಅಂಗಳದ ಮರದ ನೆಲಹಾಸು ಇಂಥದ್ದಕ್ಕೆಲ್ಲ ಬೇಡ ಅಂತ. ಯುರೋಪಿನಲ್ಲೂ 2004ರಿಂದ ಹೆಚ್ಚಿನ ಬಳಕೆಗಳು ನಿಂತವು.

ಮರ ನೋಡಿ ಗುರುತು ಹಿಡಿಯುವುದು

ಗುಜರಿಯಲ್ಲಿ ಮರ ನೋಡುವಾಗ ಮೊದಲು ಮೂಗು ಬಳಸಿ. ಟಾರಿನ ಗಾಟು ವಾಸನೆ, ಕಪ್ಪು ಬಣ್ಣ, ಬಿಸಿಲಿಗೆ ಜಿಡ್ಡು ಒಸರುವುದು, ಇಷ್ಟಿದ್ದರೆ ಅದು ಕ್ರಿಯೋಸೋಟ್ ಹಾಕಿದ್ದು. ಹೆಚ್ಚಾಗಿ ಹಳೆಯ ರೈಲ್ವೆ ಸ್ಲೀಪರ್. ಕಲ್ಲಿದ್ದಲ ಟಾರಿನಿಂದ ತೆಗೆದ ಈ ಎಣ್ಣೆಯನ್ನು ಒತ್ತಡದಲ್ಲಿ ಮರಕ್ಕೆ ತುಂಬಿಸುವ ವಿಧಾನಕ್ಕೆ ಇಂಗ್ಲೆಂಡಿನ ಜಾನ್ ಬೆಥೆಲ್ ಪೇಟೆಂಟ್ ತೆಗೆದುಕೊಂಡದ್ದು 1838ರಲ್ಲಿ. ಅಷ್ಟು ಹಳೆಯ ಮದ್ದು. ಈಗ ಹೋಂಸ್ಟೇಗಳಲ್ಲಿ ಸ್ಲೀಪರಿನ ಬೆಂಚು, ತೋಟಕ್ಕೆ ಇಳಿಯುವ ಮೆಟ್ಟಿಲು ಮಾಡುವುದು ಒಂದು ಫ್ಯಾಷನ್. ನೋಡಲು ಚೆಂದವೇ. ಆದರೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅದರ ಮೇಲೆ ಕುಳಿತು ಎದ್ದರೆ ಪಂಚೆಗೆ ಕರಿ ಹಿಡಿಯುತ್ತದೆ. ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಸುಟ್ಟಂತೆ ಉರಿಯುತ್ತದೆ. ಕ್ರಿಯೋಸೋಟ್ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಪಟ್ಟಿಯಲ್ಲೂ ಇದೆ. ಮನೆ ಅಂಗಳಕ್ಕೆ, ಅದರಲ್ಲೂ ಮಕ್ಕಳು ಕೂರುವ ಜಾಗಕ್ಕೆ, ನಾನಂತೂ ಬೇಡ ಅನ್ನುತ್ತೇನೆ.

ಹಸಿರು ಛಾಯೆ ಇದ್ದರೆ ತಾಮ್ರದ ಮದ್ದು. ಬಣ್ಣ ಮಾಸಿ ಬೂದಿಯಾಗಿದ್ದರೆ ಅಡ್ಡಕ್ಕೆ ಒಂದು ಚೂರು ಕೊಯ್ದು ನೋಡಿ. ಹೊರಗಿನ ಸುತ್ತಿನಲ್ಲಿ ಹಸಿರು, ನಡುವೆ ಮರದ ಸಹಜ ಬಣ್ಣ ಕಾಣಿಸುತ್ತದೆ. ಮದ್ದು ಒಳಗೆ ಎಷ್ಟು ಹೋಗಿದೆ ಅಂತಲೂ ಆಗಲೇ ತಿಳಿಯುತ್ತದೆ. ಕೊಯ್ಯುವಾಗ ಮೂಗಿಗೆ ಮಾಸ್ಕ್ ಇರಲಿ. ತಾಮ್ರ ಇದೆ ಅಂದಮಾತ್ರಕ್ಕೆ ಆರ್ಸೆನಿಕ್ ಇದೆ ಅಂತಲ್ಲ. ಎಸಿಕ್ಯು ಮುಂತಾದ ಹೊಸ ಮದ್ದುಗಳಲ್ಲಿ ಆರ್ಸೆನಿಕ್ ಇಲ್ಲ, ತಾಮ್ರ ಇನ್ನೂ ಜಾಸ್ತಿ. ಬಣ್ಣ ನೋಡಿ ಇವೆರಡರ ವ್ಯತ್ಯಾಸ ಹೇಳಲು ನನಗೂ ಬರುವುದಿಲ್ಲ. ಹಳೆಯ ಮರವಾದರೆ ಆರ್ಸೆನಿಕ್ ಇದೆ ಅಂತಲೇ ಇಟ್ಟುಕೊಳ್ಳಿ.

ರಬ್ಬರ್ ಮರದ ಕಥೆ ಬೇರೆ. ಸುಳ್ಯ, ಬೆಳ್ತಂಗಡಿ ಕಡೆಯಿಂದ ಬರುವ ರಬ್ಬರ್ ಮರಕ್ಕೆ ಮದ್ದು ಇಲ್ಲದಿದ್ದರೆ ಕುಟ್ಟೆ ಹುಳ ಒಂದೇ ವರ್ಷದಲ್ಲಿ ಹಿಟ್ಟು ಮಾಡಿಬಿಡುತ್ತದೆ. ಅದಕ್ಕೆ ಹಾಕುವುದು ಹೆಚ್ಚಾಗಿ ಬೋರಾನ್. ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಾಗಾದರೆ ಹಾಕಿದ್ದಾರೋ ಇಲ್ಲವೋ ತಿಳಿಯುವುದು ಹೇಗೆ? ನನ್ನ ಗಿರಾಕಿಯೊಬ್ಬರು ಕೆಮಿಸ್ಟ್ರಿ ಮೇಷ್ಟ್ರು. ಅವರು ತೋರಿಸಿದ್ದು ಅರಸಿನದ ಪರೀಕ್ಷೆ. ಅರಸಿನವನ್ನು ಸ್ಪಿರಿಟಿನಲ್ಲಿ ಕದಡಿ ಸೋಸಿ, ಹೊಸದಾಗಿ ಕೊಯ್ದ ಮುಖಕ್ಕೆ ಹಚ್ಚಬೇಕು. ಒಣಗಿದ ಮೇಲೆ ಆ್ಯಸಿಡ್ ಬೆರೆಸಿದ ಇನ್ನೊಂದು ದ್ರಾವಣ. ಬೋರಾನ್ ಇದ್ದ ಕಡೆ ಹಳದಿ ಹೋಗಿ ಕೆಂಪು ಬರುತ್ತದೆ. ಅರಸಿನಕ್ಕೆ ಸುಣ್ಣ ತಾಗಿದರೂ ಕೆಂಪಾಗುತ್ತದೆ, ಅಮ್ಮಂದಿರಿಗೆ ಗೊತ್ತಿರುವ ವಿಷಯ. ಹಾಗಾಗಿ ಆ್ಯಸಿಡ್ ಬಿದ್ದ ಮೇಲೂ ಕೆಂಪು ನಿಲ್ಲಬೇಕು, ಅದೇ ಪರೀಕ್ಷೆ. ಆ್ಯಸಿಡಿನ ಭಾಗವನ್ನು ಮೇಷ್ಟ್ರ ಕೈಯಲ್ಲೇ ಮಾಡಿಸಿ, ಅಡುಗೆಮನೆಯಲ್ಲಿ ಬೇಡ.

ಇನ್ನು ಪ್ಯಾಲೆಟ್. ಬೈಕಂಪಾಡಿ, ಪಣಂಬೂರು ಕಡೆ ಪೈನ್ ಮರದ ಪ್ಯಾಲೆಟ್ಟುಗಳು ಕಡಿಮೆ ದರಕ್ಕೆ ಸಿಗುತ್ತವೆ. ಯುವಕರು ಅದರಲ್ಲಿ ಸೋಫಾ, ಗಿಡದ ಪೆಟ್ಟಿಗೆ ಎಲ್ಲ ಮಾಡುತ್ತಾರೆ. ಒಳ್ಳೆಯದೇ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್ಟಿನ ಮೇಲೆ ಗೋಧಿ ತೆನೆಯ ಹಾಗಿನ ಒಂದು ಮುದ್ರೆ ಇರುತ್ತದೆ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಎಚ್‌ಟಿ ಅಂತ ಇದ್ದರೆ ಬರೀ ಬಿಸಿ ಮಾಡಿದ್ದು, ಮರದ ಒಡಲು 56 ಡಿಗ್ರಿಗೆ ಬಂದು 30 ನಿಮಿಷ ಇರುವ ಹಾಗೆ. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಬಿಟ್ಟದ್ದು. ಆ ಅನಿಲ ಓಝೋನ್ ಪದರಕ್ಕೆ ಹಾನಿ, ಅನಿಲ ಬಿಡುವ ಕೆಲಸಗಾರನಿಗೂ ಹಾನಿ. ಎಚ್‌ಟಿ ಆರಿಸಿ. ಮುದ್ರೆಯೇ ಇಲ್ಲದ್ದು, ಎಣ್ಣೆ ಕಲೆ ಬಿದ್ದದ್ದು ಬೇಡ. ಅದರ ಮೇಲೆ ಏನು ಸಾಗಿಸಿದ್ದರೋ ಯಾರು ಬಲ್ಲರು.

ಎಲ್ಲಿ ಬೇಡವೇ ಬೇಡ

ಬಸಳೆ ಚಪ್ಪರದಿಂದಲೇ ಶುರುಮಾಡುತ್ತೇನೆ. ನಮ್ಮ ಕಡೆ ಬಸಳೆ ಇರುವುದು ಬಚ್ಚಲಿನ ನೀರು ಹರಿಯುವ ಜಾಗದಲ್ಲಿ. ವರ್ಷವಿಡೀ ಬುಡ ಒದ್ದೆ. ಮರದ ಮದ್ದು ಹೊರಬರಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬಳ್ಳಿ ಅದೇ ಕಂಬಕ್ಕೆ ಸುತ್ತಿಕೊಂಡು ಬೆಳೆಯುತ್ತದೆ, ನಾವು ಅದರ ಸೊಪ್ಪನ್ನೂ ದಂಟನ್ನೂ ತಿನ್ನುತ್ತೇವೆ. ಈಗ ನಾನು ಕಲ್ಲಿನ ಕಂಬ ನಾಲ್ಕು ನಿಲ್ಲಿಸಿ, ಮೇಲೆ ಅಡಿಕೆ ದಬ್ಬೆ ಹಾಸಿದ್ದೇನೆ. ದಬ್ಬೆ ಎರಡು ಮೂರು ವರ್ಷಕ್ಕೆ ಹೋಗುತ್ತದೆ. ಹೋಗಲಿ, ಬೇರೆ ಹಾಕಿದರಾಯಿತು. ಗೊಬ್ಬರದ ಗುಂಡಿಗೆ ಹಾಕಿದರೂ ಹೆದರಿಕೆ ಇಲ್ಲ.

ಬಾವಿಕಟ್ಟೆಯ ಮೇಲಿನ ರಾಟೆ ಕಂಬ, ಬಾವಿಗೆ ಮುಚ್ಚುವ ಹಲಗೆ, ದನದ ಹಟ್ಟಿಯ ಗೋದಲಿ, ಕೋಳಿಗೂಡು, ತರಕಾರಿ ಮಡಿಯ ಅಂಚು, ಅಡುಗೆಮನೆಯ ಹಲಗೆ, ಮಕ್ಕಳ ಉಯ್ಯಾಲೆ. ಇಲ್ಲೆಲ್ಲ ತಾಮ್ರ-ಆರ್ಸೆನಿಕ್ ಮರವೂ ಬೇಡ, ಸ್ಲೀಪರೂ ಬೇಡ. ದನ ಮರ ನೆಕ್ಕುತ್ತದೆ. ಅದಕ್ಕೆ ಉಪ್ಪಿನ ರುಚಿ ಸಿಕ್ಕರೆ ಬಿಡುವುದೇ ಇಲ್ಲ.

ಹೊಳೆ, ತೋಡಿನ ಪಕ್ಕದವರಿಗೆ ಇನ್ನೊಂದು ಮಾತು. ಆರ್ಸೆನಿಕ್ ಇಲ್ಲದ ಮದ್ದು ಅಂದರೆ ನಿರಪಾಯ ಅಂತ ಅಂಗಡಿಯವರು ಹೇಳುತ್ತಾರೆ. ಮನುಷ್ಯನಿಗೆ ಅಷ್ಟರಮಟ್ಟಿಗೆ ಹೌದು. ಆದರೆ ನಮಗೆ ಏನೂ ಮಾಡದ ಅಳತೆಯ ತಾಮ್ರವೂ ನೀರಿನ ಸಣ್ಣ ಜೀವಿಗಳಿಗೆ ವಿಷ. ಮದ್ದು ಹಾಕಿದ ಕಂಬಗಳ ಮೇಲೆ ಬೆಳೆದ ಚಿಪ್ಪುಜೀವಿಗಳ ಮೈಯಲ್ಲಿ ತಾಮ್ರ ಸೇರಿಕೊಂಡದ್ದು ಬೇರೆ ದೇಶಗಳಲ್ಲಿ ಕಂಡುಬಂದಿದೆ. ಉದ್ಯಾವರ ಹೊಳೆಯಲ್ಲಿ ಇಳಿತದ ಹೊತ್ತಿಗೆ ಮರುವಾಯಿ ಚಿಪ್ಪು ಹೆಕ್ಕಿ ತಿನ್ನುವವರಿದ್ದಾರೆ. ಹೊಳೆ ಬದಿಯಲ್ಲಿ ದೋಣಿ ಕಟ್ಟುವ ಕಟ್ಟೆಗೆ ಕಂಬ ಬೇಕಾದರೆ ಕಾಂಕ್ರೀಟೋ ಕಲ್ಲೋ ನೋಡಿ. ಅಡಿಕೆ ತೋಟದವರಿಗೆ ತಾಮ್ರದ ಬಗ್ಗೆ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ವರ್ಷಕ್ಕೆ ಎರಡು ಮೂರು ಸಲ ಬೋರ್ಡೋ ಹೊಡೆಯುತ್ತೇವೆ. ಆ ತಾಮ್ರ ಎಲ್ಲಿಯೂ ಹೋಗುವುದಿಲ್ಲ, ಮಣ್ಣಿನಲ್ಲೇ ಕೂರುತ್ತದೆ. ಅಂಥ ತೋಟದ ಬೇಲಿಗೂ ತಾಮ್ರದ ಕಂಬ ಅಂದರೆ ಲೆಕ್ಕ ಏರುತ್ತಲೇ ಹೋಗುತ್ತದೆ.

ಒರಲೆಗೆ ಮದ್ದು ಹೊಡೆಸುವಾಗ

ಗೋಡೆಬುಡಕ್ಕೆ ತೂತು ಕೊರೆದು ಬಿಡುವ ಒರಲೆ ಮದ್ದು ಹೆಚ್ಚಾಗಿ ಕ್ಲೋರ್‌ಪೈರಿಫಾಸ್. ಅದು ಮೀನಿಗೆ, ಜೇನಿಗೆ ಭಯಂಕರ ವಿಷ. ಇದನ್ನು ನಾನು ಓದಿ ತಿಳಿದದ್ದಲ್ಲ. ಒಮ್ಮೆ ಮದ್ದು ಹೊಡೆದ ಪಂಪನ್ನು ನಮ್ಮ ಹುಡುಗ ತೋಡಿನಲ್ಲಿ ತೊಳೆದ. ಮರುದಿನ ಬೆಳಿಗ್ಗೆ ಕೆಳಗಿನ ತಿರುವಿನಲ್ಲಿ ಸಣ್ಣ ಮೀನುಗಳು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಪಕ್ಕದ ಮನೆಯ ದೊಡ್ಡಮ್ಮ ಬಂದು ಕೇಳಿದರು, "ತೋಡಿಗೆ ಎಂತ ಹಾಕಿದ್ದು ನೀವು?" ಉತ್ತರ ಕೊಡಲು ನಾಚಿಕೆಯಾಯಿತು. ಕೊಕ್ಕಡ ಕಡೆ ಗೇರು ತೋಟಕ್ಕೆ ಮೇಲಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಬೈಯುವವರಲ್ಲಿ ನಾನೂ ಒಬ್ಬ. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ನಿಲ್ಲಿಸಿದಾಗ ಖುಷಿಪಟ್ಟವನು. ನನ್ನದೇ ಹಿತ್ತಿಲಿನಲ್ಲಿ ಮಾಡಿದ್ದು ಇದು.

ಹಾಗಾಗಿ ಮದ್ದು ಹೊಡೆಸಲೇಬೇಕು ಅಂತಿದ್ದರೆ ಹೊಡೆಯುವವರನ್ನು ಇಷ್ಟು ಕೇಳಿ: ಯಾವ ಮದ್ದು, ಎಷ್ಟು ಲೀಟರ್, ಬಾವಿ ಎಷ್ಟು ದೂರ ಇದೆ ಅಂತ ನೋಡಿದ್ದೀರಾ, ಪಂಪ್ ಎಲ್ಲಿ ತೊಳೆಯುತ್ತೀರಿ. ಬಾವಿ ಇರುವ ಬದಿಯ ಗೋಡೆಗೆ ನಾನು ಮದ್ದು ಬಿಡಿಸುವುದಿಲ್ಲ. ಮಳೆಗಾಲದಲ್ಲಂತೂ ಇಲ್ಲವೇ ಇಲ್ಲ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಕಾಸಿನ ಖರ್ಚಿಲ್ಲದ್ದು. ಒರಲೆ ಮಣ್ಣಿನ ಕೊಳವೆ ಕಟ್ಟಿಕೊಂಡೇ ಮೇಲೆ ಬರಬೇಕು, ಅದಕ್ಕೆ ತೇವ ಬೇಕು. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಗೋಡೆಬುಡ, ಮುಚ್ಚಿಗೆಯ ಮೂಲೆ ನೋಡಿ. ಕೊಳವೆ ಕಂಡರೆ ಕೆರೆದು ತೆಗೆಯಿರಿ. ಸೋರುವ ಹಂಚು ಬದಲಾಯಿಸಿ. ಗೋಡೆಗೆ ಒರಗಿಸಿಟ್ಟ ಕಟ್ಟಿಗೆ ರಾಶಿಯನ್ನು ದೂರ ಹಾಕಿ. ಅರ್ಧ ಒರಲೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು, ಗ್ಯಾರೇಜಿನಿಂದ ತರುವ ಕರಿ ಎಣ್ಣೆ. ಬೇಲಿ ಕಂಬದ ಬುಡಕ್ಕೆ ಅದನ್ನು ಬಳಿಯದ ಮನೆ ನಮ್ಮೂರಲ್ಲಿ ಕಡಿಮೆ. ಪುಕ್ಕಟೆ ಸಿಗುತ್ತದೆ ಅಂತ. ಎಂಜಿನಿನಲ್ಲಿ ಬೆಂದ ಎಣ್ಣೆಯಲ್ಲಿ ಸವೆದ ಲೋಹದ ಅಂಶ, ಕ್ಯಾನ್ಸರ್ ತರುವ ಟಾರಿನ ಜಾತಿಯ ವಸ್ತುಗಳು ಎಲ್ಲ ಇವೆ. ಸರ್ಕಾರದ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಮೊದಲ ಮಳೆಗೆ ಅಂಗಳದ ನೀರಿನ ಮೇಲೆ ಕಾಮನಬಿಲ್ಲು ಮೂಡಿದರೆ ಅದು ನಿಮ್ಮ ಕಂಬದ್ದೇ.

ಹಾಗಾದರೆ ಏನು ಮಾಡುವುದು

ನಮ್ಮ ಅಜ್ಜಂದಿರು ಮರಕ್ಕೆ ಮದ್ದು ಹಾಕಿದ್ದಕ್ಕಿಂತ ಜಾಸ್ತಿ ಮರವನ್ನು ಒಣಗಿಸಿ ಇಟ್ಟಿದ್ದರು. ಉಡುಪಿ ರಥಬೀದಿಯ ಸುತ್ತಲಿನ ಹಳೆಯ ಮನೆಗಳನ್ನು ನೋಡಿ. ಚಾವಡಿಯ ಮರದ ಕಂಬ ನೆಲಕ್ಕೆ ತಾಗುವುದಿಲ್ಲ, ಕಲ್ಲಿನ ಪೀಠದ ಮೇಲೆ ನಿಂತಿದೆ. ಮಾಡು ಉದ್ದಕ್ಕೆ ಇಳಿದಿದೆ, ಮಳೆ ಕಂಬಕ್ಕೆ ಬಡಿಯುವುದಿಲ್ಲ. ಇವತ್ತು ನಾವು ಮಾಡು ಗಿಡ್ಡ ಮಾಡಿ, ಕಂಬವನ್ನು ಸಿಮೆಂಟಿನಲ್ಲಿ ಹೂತು, ಆಮೇಲೆ ಮದ್ದಿನ ಅಂಗಡಿಗೆ ಓಡುತ್ತೇವೆ. ಕಂಬವನ್ನು ನೆಲದಿಂದ ಒಂದು ಗೇಣಾದರೂ ಮೇಲೆ, ಕಲ್ಲಿನ ಮೇಲೋ ಕಬ್ಬಿಣದ ಬೂಟಿನ ಮೇಲೋ ನಿಲ್ಲಿಸಿ. ಕಂಬದ ಅಡಿಯ ಕೊಯ್ದ ಮುಖ ನೀರು ಕುಡಿಯುವ ಬಾಯಿ ಇದ್ದಂತೆ, ಅಲ್ಲಿ ನೀರು ನಿಲ್ಲಬಾರದು.

ಮರ ಆರಿಸುವಾಗ ಚೇಗು, ಅಂದರೆ ನಡುವಿನ ಗಟ್ಟಿ ಭಾಗ, ನೋಡಿ. ಹಲಸು, ಹೆಬ್ಬಲಸು, ಬೋಗಿ, ಸಾಗುವಾನಿಯ ಚೇಗು ತಾನೇ ತಡೆದುಕೊಳ್ಳುತ್ತದೆ. ಹೊರಗಿನ ಬಿಳಿ ಭಾಗ ಯಾವ ಜಾತಿಯ ಮರವಾದರೂ ಹುಳಕ್ಕೆ ಊಟ. "ಸಾಗುವಾನಿ" ಅಂತ ಬಿಳಿ ಭಾಗವನ್ನೇ ಸೇರಿಸಿ ಕೊಡುವವರಿದ್ದಾರೆ, ಮಿಲ್ಲಿನಲ್ಲಿ ನಿಂತು ಕೊಯ್ಸಿಕೊಳ್ಳಿ.

ಒಳಗಿನ ಕೆಲಸಕ್ಕೆ, ಅಂದರೆ ಮಳೆ ತಾಗದ ಪಕ್ಕಾಸು, ರೀಪು, ಮಂಚ, ಬಿದಿರು ಇಂಥವಕ್ಕೆ ನಾನು ಈಗ ಬಳಸುವುದು ಬಿಳಿಗಾರ (ಬೋರಾಕ್ಸ್) ಮತ್ತು ಬೋರಿಕ್ ಆ್ಯಸಿಡ್, ಎರಡೂ ಬೋರಾನ್ ಇರುವ ಮದ್ದು. ಹತ್ತು ಲೀಟರ್ ಬಿಸಿನೀರಿಗೆ 600 ಗ್ರಾಂ ಬಿಳಿಗಾರ, 400 ಗ್ರಾಂ ಬೋರಿಕ್ ಆ್ಯಸಿಡ್. ಎರಡನ್ನೂ ಸೇರಿಸಿದರೆ ಒಂದೊಂದೇ ಹಾಕಿದ್ದಕ್ಕಿಂತ ಚೆನ್ನಾಗಿ ಕರಗುತ್ತದೆ. ಹಸಿ ಮರಕ್ಕೆ ಹಚ್ಚುವುದು ಒಳ್ಳೆಯದು, ಒಣಗಿದ್ದಕ್ಕಲ್ಲ. ಇಲ್ಲೇ ಹೆಚ್ಚಿನವರು ತಪ್ಪುವುದು. ಬೋರಾನ್ ಮರದ ತೇವದ ಜೊತೆಯಲ್ಲೇ ಒಳಗೆ ನಡೆಯುತ್ತದೆ. ಮಿಲ್ಲಿನಿಂದ ತಂದ ದಿನವೇ ಅದ್ದಿ ಅಥವಾ ಎರಡು ಮೂರು ಕೈ ಬಳಿದು, ಒತ್ತಾಗಿ ಪೇರಿಸಿ, ಟಾರ್ಪಲ್ ಸುತ್ತಿ ನೆರಳಿನಲ್ಲಿ ಇಡಿ. ಒಂದು ಇಂಚಿನ ಹಲಗೆಗೆ ನಾನು ನಾಲ್ಕು ವಾರ ಬಿಡುತ್ತೇನೆ. ಆಮೇಲೆ ಬಿಚ್ಚಿ, ನಡುವೆ ರೀಪು ಕೊಟ್ಟು, ಗಾಳಿಗೆ ಒಣಗಿಸಬೇಕು. ಗಿರಾಕಿ ಅವಸರ ಮಾಡಿದರೆ "ಹಪ್ಪಳ ಅಲ್ಲ ಸ್ವಾಮಿ" ಅನ್ನುತ್ತೇನೆ.

ಇದನ್ನು ಹೊರಗಿನ ಮರಕ್ಕೆ ಹಚ್ಚಿ ಪ್ರಯೋಜನವಿಲ್ಲ. ಬೋರಾನ್ ನೀರಿನಲ್ಲಿ ಒಳಗೆ ಹೋದಂತೆಯೇ ನೀರಿನಲ್ಲಿ ಹೊರಗೂ ಬರುತ್ತದೆ, ಒಂದೆರಡು ಮಳೆಗಾಲಕ್ಕೆ ಖಾಲಿ. ಉಳಿದ ನೀರನ್ನು ಗಿಡದ ಬುಡಕ್ಕೂ ಚೆಲ್ಲಬೇಡಿ. ತೆಂಗಿಗೆ ಬೋರಾನ್ ಕೊರತೆಯಾದರೆ ಸ್ವಲ್ಪ ಬೋರಾಕ್ಸ್ ಹಾಕುತ್ತೇವೆ, ನಿಜ. ಆ ಸ್ವಲ್ಪ ಜಾಸ್ತಿಯಾದರೆ ಎಲೆಯ ಅಂಚು ಸುಡುತ್ತದೆ. ಉಳಿದದ್ದನ್ನು ಡಬ್ಬಿಯಲ್ಲಿ ಮುಚ್ಚಿ, ಹೆಸರು ಬರೆದು, ಮುಂದಿನ ಮರಕ್ಕೆ ಇಡಿ. ಮಕ್ಕಳ ಕೈಗೆ ಸಿಗಬಾರದು, ಬಸುರಿಯರು ಈ ಕೆಲಸಕ್ಕೆ ಕೈ ಹಾಕಬಾರದು. ಸಕ್ಕರೆಯ ಹಾಗೆ ಕಾಣುತ್ತದೆ, ಅದೇ ಅಪಾಯ.

ಗೇರು ಎಣ್ಣೆಯ ಬಗ್ಗೆ ಕೇಳುವವರು ತುಂಬಾ. ಗೇರುಬೀಜದ ಸಿಪ್ಪೆಯಿಂದ ಬರುವ ಕಪ್ಪು ಎಣ್ಣೆ, ನಮ್ಮ ಕರಾವಳಿಯ ಹಳೆಯ ಮದ್ದು. ದೋಣಿಯ ಹೊಟ್ಟೆಗೂ ಮಾಡಿನ ಪಕ್ಕಾಸಿಗೂ ಬಳಿಯುತ್ತಿದ್ದರು. ಒಳ್ಳೆಯದೇ. ಮರ ಕಪ್ಪಾಗುತ್ತದೆ, ಒಣಗಲು ದಿನಗಟ್ಟಲೆ ಬೇಕು, ಹಾಗಾಗಿ ಮಂಚ-ಕುರ್ಚಿಗೆ ಆಗದು. ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಮೇಲೆ ಗ್ಲೌಸ್ ಹಾಕಿ. ಗಿಡದಿಂದ ಬಂದದ್ದು ಅಂತ ತೋಡಿಗೆ ಚೆಲ್ಲಬಹುದು ಅಂದುಕೊಳ್ಳಬೇಡಿ, ಅದೂ ಹಾಲಲ್ಲ.

ಆಗಲೇ ಮನೆಯಲ್ಲಿದ್ದರೆ

ಗಾಬರಿಯಾಗಿ ಕಿತ್ತು ಹಾಕಬೇಕಾಗಿಲ್ಲ. ಕಿತ್ತರೆ ಅದನ್ನು ಎಲ್ಲಿ ಇಡುತ್ತೀರಿ ಅನ್ನುವುದೇ ದೊಡ್ಡ ಪ್ರಶ್ನೆ. ಗಟ್ಟಿ ಇದ್ದರೆ ಇರಲಿ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮಳೆಗಾಲದ ಮೊದಲು ಪೇಂಟೋ ಎಣ್ಣೆಯ ಸ್ಟೇನೋ ಬಳಿಯಿರಿ, ಮದ್ದು ಹೊರಬರುವುದು ಕಡಿಮೆಯಾಗುತ್ತದೆ. ಪಾಚಿ ಹಿಡಿಯಿತು ಅಂತ ಬ್ಲೀಚಿಂಗ್ ಹಾಕಿ ಉಜ್ಜಬೇಡಿ. ಅದು ಮರದಲ್ಲಿ ತಣ್ಣಗೆ ಕೂತ ಕ್ರೋಮಿಯಮ್ಮನ್ನು ಮತ್ತೆ ವಿಷದ ರೂಪಕ್ಕೆ ಎಬ್ಬಿಸಬಲ್ಲದು. ಮರಳು ಕಾಗದ ಹಾಕಿ ತಿಕ್ಕಬೇಡಿ, ಕೀಸುಳಿ ಹಾಕಬೇಡಿ. ಕೊಯ್ಯಲೇಬೇಕಾದರೆ ಅಂಗಳದಲ್ಲಿ ಟಾರ್ಪಲ್ ಹಾಸಿ, ಗಾಳಿ ಇಲ್ಲದ ಹೊತ್ತಿಗೆ, ಮಾಸ್ಕ್ ಹಾಕಿ ಕೊಯ್ದು, ಹುಡಿಯನ್ನೆಲ್ಲ ಗೋಣಿಯಲ್ಲಿ ತುಂಬಿ ಕಟ್ಟಿಡಿ. ನಮ್ಮಲ್ಲಿ ಮಿಲ್ಲಿನ ಹುಡಿ ಕೋಳಿ ಫಾರಂಗೂ ಹಟ್ಟಿಗೂ ಹೋಗುತ್ತದೆ, ಅಲ್ಲಿಂದ ಗೊಬ್ಬರವಾಗಿ ಗದ್ದೆಗೆ. ಮದ್ದಿನ ಹುಡಿ ಆ ದಾರಿ ಹಿಡಿಯಬಾರದು.

ಎಲ್ಲಕ್ಕಿಂತ ಮುಖ್ಯ, ಒಲೆ. ನಮ್ಮ ಮನೆಗಳಲ್ಲಿ ಮರದ ಚೂರು ಅಂದರೆ ಬಚ್ಚಲು ಹಂಡೆಗೆ ಅಂತಲೇ ಅರ್ಥ. ಬೆಂಕಿ ಮರವನ್ನು ಸುಡುತ್ತದೆ, ಲೋಹವನ್ನು ಸುಡುವುದಿಲ್ಲ. ಸ್ವಲ್ಪ ಆರ್ಸೆನಿಕ್ ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ದಪ್ಪಗೆ ಕೂರುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನ ಹಳ್ಳಿಯೊಂದರಲ್ಲಿ ಎಂಟು ಜನರ ಒಂದು ಕುಟುಂಬ ಚಳಿಗೆ ಇಂಥ ಮರದ ಚೂರುಗಳನ್ನು ಒಲೆಗೆ ಹಾಕುತ್ತಿತ್ತು. ಕೂದಲು ಉದುರಿತು, ಮೈಮೇಲೆ ದದ್ದು ಎದ್ದಿತು, ಕಾರಣ ಬೇಗ ಗೊತ್ತಾಗಲಿಲ್ಲ. 1984ರಲ್ಲಿ ಅದು ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನಮ್ಮ ಕಡೆ ಬೂದಿಯ ಪ್ರಯಾಣ ಇನ್ನೂ ಉದ್ದ. ಪಾತ್ರೆ ತಿಕ್ಕಲು ಬೂದಿ, ಬದನೆ ಗಿಡದ ಹುಳಕ್ಕೆ ಬೂದಿ, ಮಲ್ಲಿಗೆ ಬುಡಕ್ಕೆ ಬೂದಿ, ತೆಂಗಿನ ಬುಡಕ್ಕೆ ಬೂದಿ.

ಹಾಗಾದರೆ ಮುರಿದ, ಬೇಡವಾದ ಚೂರುಗಳನ್ನು ಏನು ಮಾಡುವುದು? ಸುಲಭದ ಉತ್ತರ ನನ್ನ ಬಳಿ ಇಲ್ಲ. ಪಂಚಾಯತಿಯ ಕಸದ ಗಾಡಿಯವರಿಗೆ ಸುಮ್ನೆ ಕೊಟ್ಟರೆ ಅವರೂ ಎಲ್ಲೋ ಸುಡುತ್ತಾರೆ. ಜಾಸ್ತಿ ಇದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಹೋಗಿ, ಏನು ಮದ್ದು, ಎಷ್ಟು ಮರ ಅಂತ ಹೇಳಿ, ಎಲ್ಲಿ ಒಪ್ಪಿಸಬೇಕು ಅಂತ ಕೇಳಿ. ಸ್ವಲ್ಪವೇ ಇದ್ದರೆ ಮಾಡಿನ ಕೆಳಗೆ, ಮಳೆ ತಾಗದ ಹಾಗೆ, ನೆಲದಿಂದ ಎತ್ತರಿಸಿ ಇಡಿ. ಒಣಗಿ ಕೂತ ಮರದಿಂದ ಯಾವ ಬಾವಿಗೂ ಏನೂ ಹೋಗುವುದಿಲ್ಲ.

ಬಸಳೆ ಚಪ್ಪರದ ಆ ನಾಲ್ಕು ಕಂಬಗಳು ನನ್ನ ಶೆಡ್ಡಿನ ಅಟ್ಟದಲ್ಲಿ ಈಗಲೂ ಇವೆ. ಬುಡದ ಮಣ್ಣನ್ನು ಒಂದಡಿ ಆಳಕ್ಕೆ ತೆಗೆದು, ಗೋಣಿಯಲ್ಲಿ ತುಂಬಿ ಅವುಗಳ ಪಕ್ಕದಲ್ಲೇ ಇಟ್ಟಿದ್ದೇನೆ. ಕಂಬದ ಮೇಲೆ ಕೆಂಪು ಪೇಂಟಿನಲ್ಲಿ "ಒಲೆಗೆ ಅಲ್ಲ" ಅಂತ ಬರೆದದ್ದು ನಾನು. ಅದರ ಕೆಳಗೆ, ಓದು ಬಾರದವರಿಗೂ ತಿಳಿಯಲಿ ಅಂತ, ಆಚಾರ್ರು ಒಂದು ತಲೆಬುರುಡೆ ಬಿಡಿಸಿದ್ದಾರೆ. ಸ್ವಲ್ಪ ಯಕ್ಷಗಾನದ ರಾಕ್ಷಸನ ಹಾಗೆ ಬಂದಿದೆ.